ಬೀಗರಿಗೆ ಹತ್ತಿದ ತುರಿಕೆ

ತಾಂಬೂಲದ ತಟ್ಟೆಗೆ ಕೈ ಚಾಚಿದ್ದ ಹುಡುಗನ ತಂದೆ, ಅದನ್ನು ಬಿಟ್ಟು ಬೆನ್ನು ಕೆರೆದುಕೊಳ್ಳತೊಡಗಿದರು. ಅವರ ತಮ್ಮನೂ ಕೆರೆದುಕೊಂಡರು. ಆಮೇಲೆ ಹುಡುಗನೂ ಶುರು ಮಾಡಿದ. ಹೊನ್ನಾಳಿಯ ನಮ್ಮ ಮನೆಯಲ್ಲಿ ಅಂದು ತಂಗಿಯ ನಿಶ್ಚಿತಾರ್ಥ.

"ಏನ್ರೀ, ನಿಮ್ಮನೆಯಾಗೆ ಕಜ್ಜಿ ಐತೇನು?" ಎನ್ನುತ್ತ ಹುಡುಗನ ತಂದೆ ಎದ್ದೇಬಿಟ್ಟರು. ತಂಗಿಯ ಕಣ್ಣು ತುಂಬಿತು.

ನನಗೆ ಥಟ್ಟನೆ ಹೊಳೆಯಿತು. ಎಂಬತ್ತರ ದಶಕದ ಆ ದಿನಗಳಲ್ಲಿ ನಾನು ಫೈಬರ್ ಕುರ್ಚಿ ಮಾಡುವ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಕತ್ತರಿಸಿದ ಗಾಜಿನ ಎಳೆಗಳನ್ನು ಅಂಟಿನ ಜೊತೆ ಅಚ್ಚಿಗೆ ಹಾಕಿ ಕುರ್ಚಿ ಮಾಡುತ್ತಿದ್ದೆವು. ಆ ಎಳೆ ಮೈಗೆ ತಗುಲಿದರೆ ವಿಪರೀತ ತುರಿಕೆ. ಹಿಂದಿನ ದಿನವೇ ಬಂದಿಳಿದಿದ್ದ ಬೀಗರ, ಬಸ್ಸಿನ ಧೂಳು ಮೆತ್ತಿದ್ದ ಹೊಸ ಪಂಚೆ, ಅಂಗಿಗಳನ್ನು ಅಮ್ಮ ನನ್ನ ಕೆಲಸದ ಬಟ್ಟೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿ ಒಗೆದಿದ್ದಳು!

ವಿಷಯ ಹೇಳಿದರೆ ಹುಡುಗನ ತಂದೆ ನಂಬಲಿಲ್ಲ. "ಗಾಜಿನ ಕುರ್ಚಿನಾ? ನಡಿ, ತೋರ್ಸು."

ಎಲ್ಲರೂ ಕೆರೆದುಕೊಳ್ಳುತ್ತಲೇ ಶೆಡ್ಡಿಗೆ ಬಂದರು. ಕೆಂಪು ಕುರ್ಚಿಯೊಂದರ ಮೇಲೆ ಹುಡುಗನ ತಂದೆ ಕೂತರು, ಕುಲುಕಿದರು, ಎದ್ದು ಮತ್ತೆ ದೊಪ್ಪನೆ ಕೂತರು. "ಭಾರಿ ಗಟ್ಟಿ ಐತೆ ಕಣ್ರೀ! ತಾಂಬೂಲ ಇಲ್ಲಿಗೇ ತರ್ರಿ."

ಅಮ್ಮ ಇರುವವರೆಗೂ ಬೀಗರು ನಮ್ಮ ಮನೆಗೆ ಬಂದಾಗಲೆಲ್ಲ ಕೊಳೆ ಬಟ್ಟೆಯ ಚೀಲವನ್ನು ತಲೆಯಡಿ ಇಟ್ಟುಕೊಂಡೇ ಮಲಗುತ್ತಿದ್ದರು.