ಮಾವನವರ ಡೀಸೆಲ್ ಮೋಟಾರ್ ಸೈಕಲ್

ಇವತ್ತು ಬೆಳಗ್ಗೆ ಬಟ್ಟೆ ನೆನೆಹಾಕುವಾಗ ಮಾವನವರ ಪಂಚೆಯಿಂದ ಡೀಸೆಲ್ ವಾಸನೆ ಬಂತು. ನಿಮ್ಮ ಮನೆಯ ಹಿರಿಯರ ಪಂಚೆಗೆ ಕರ್ಪೂರದ ವಾಸನೆಯೋ ನಶ್ಯದ ವಾಸನೆಯೋ ಇರಬಹುದು, ನಮ್ಮಲ್ಲಿ ಹೀಗೆ. ಸೋಪಿನ ಪುಡಿ ಸುರಿದು, ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ.

ಮಾವ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವರು, ಜೀವಮಾನವೆಲ್ಲ ಮೊಪೆಡ್ ಓಡಿಸಿದವರು. ನಿವೃತ್ತರಾದ ಮೇಲೆ ಅವರ ಓರಗೆಯವರು ವಾಕಿಂಗ್, ಯೋಗ ಎಂದು ಏನೇನೋ ಹಿಡಿದುಕೊಂಡರೆ, ಇವರು ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ, ಡೀಸೆಲ್ಲಿನಲ್ಲಿ ಓಡುವ ಮೋಟಾರ್ ಸೈಕಲ್ಲನ್ನು ಮನೆಯಲ್ಲೇ ಮಾಡುತ್ತೇನೆಂದು ಹೊರಟರು. ಡೀಸೆಲ್ಲೇ ಏಕೆ ಎಂದರೆ, ಚಿಕ್ಕಂದಿನಲ್ಲಿ ಅವರ ಮನೆಯ ಹಿಂದೆ ಹಿಟ್ಟಿನ ಗಿರಣಿ ಇತ್ತಂತೆ. ಅದರ ಎಂಜಿನ್ನಿನ ಡುಗ್ ಡುಗ್ ಸದ್ದು ಕೇಳಿದರೇನೇ ಅವರಿಗೆ ನಿದ್ದೆ ಬರುತ್ತಿತ್ತಂತೆ. 'ಆ ಸದ್ದಿನ ಮೇಲೆ ಕೂತ್ಕೊಂಡು ಒಂದು ಸಲ ಹೋಗ್ಬೇಕು ಕಣೇ' ಎಂದು ಅತ್ತೆಯ ಹತ್ತಿರ ಹೇಳುತ್ತಿದ್ದರು. 'ಹೋಗಿ, ಯಾರು ಬೇಡ ಅಂದ್ರು? ಊಟದ ಹೊತ್ತಿಗೆ ಬನ್ನಿ ಸಾಕು' ಎನ್ನುತ್ತಿದ್ದರು ಅತ್ತೆ.

ಅತ್ತೆಯ ಹತ್ತಿರ ಎಂದೆನಲ್ಲ, ನನ್ನ ಹತ್ತಿರ ಮಾವ ಏನೂ ಹೇಳುತ್ತಿರಲಿಲ್ಲ. ನಾನೂ ಅವರ ಮಗನೂ ಒಬ್ಬರನ್ನೊಬ್ಬರು ಮೆಚ್ಚಿ ಮದುವೆಯಾದವರು, ಜಾತಿ ಬೇರೆ. ರಿಜಿಸ್ಟ್ರಾರ್ ಕಚೇರಿಗೆ ಮಾವ ಬರಲಿಲ್ಲ. ನನ್ನನ್ನು ಮನೆಗೆ ಸೇರಿಸಿಕೊಂಡರು, ಮಾತಿಗೆ ಸೇರಿಸಿಕೊಳ್ಳಲಿಲ್ಲ. ನಾನು ಎದುರಿಗೇ ನಿಂತಿದ್ದರೂ 'ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಹೇಳು' ಎಂದು ಅತ್ತೆಗೆ ಹೇಳುವರು. ಅತ್ತೆ ನನ್ನ ಕಡೆ ತಿರುಗಿ 'ಉಪ್ಪು ಜಾಸ್ತಿಯಂತೆ' ಎನ್ನುವರು. 'ನಾಳೆ ಸರಿ ಮಾಡ್ತೀನಿ ಅನ್ನಿ' ಎನ್ನುವೆ ನಾನು. ಮೂರು ಜನ ಒಂದೇ ಕೋಣೆಯಲ್ಲಿ ಕೂತು ಟೆಲಿಫೋನ್ ಎಕ್ಸ್‌ಚೇಂಜ್ ನಡೆಸುತ್ತಿದ್ದೆವು. ಕೆಂಗೇರಿಯಾಚೆ ಇರುವ ನನ್ನ ತವರಿನ ಮಾತನ್ನಂತೂ ಎತ್ತುವಂತೆಯೇ ಇರಲಿಲ್ಲ. ಅಪ್ಪ ಅಲ್ಲಿ ಗಿಡಗಳ ನರ್ಸರಿ ಇಟ್ಟುಕೊಂಡಿದ್ದಾರೆ. ಬೀಗರನ್ನು ಊಟಕ್ಕೆ ಕರೆದು ಕರೆದು ಸುಮ್ಮನಾಗಿದ್ದರು.

ಗುಜರಿಯಿಂದ ಹಳೆಯ ಬೈಕಿನ ಚಾಸಿ ಬಂತು. ನೀರೆತ್ತುವ ಪಂಪಿನ ಡೀಸೆಲ್ ಎಂಜಿನ್ ಬಂತು. ರಾಜಾಜಿನಗರದ ನಮ್ಮ ಮನೆಯ ಕಾರ್ ಶೆಡ್ಡು ಎಂದೂ ಕಾರಿನ ಮುಖ ಕಂಡದ್ದಲ್ಲ. ಅದಕ್ಕೂ ಒಂದು ಕೆಲಸ ಸಿಕ್ಕಿತು. ಎಂಜಿನ್ನನ್ನು ಹಿಡಿದುಕೊಳ್ಳುವ ಕಬ್ಬಿಣದ ಪ್ಲೇಟನ್ನು ಲೇತ್ ಅಂಗಡಿಯವರು ಕತ್ತರಿಸಿ ಕೊಡುವರು, ಮಾವ ಅಳತೆ ತಪ್ಪಿತೆಂದು ಮತ್ತೆ ಒಯ್ಯುವರು. ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಚೈನು ನೇರವಾಗಿ ಹೋಗಬೇಕು, ತುಸು ಓರೆಯಾದರೂ ಕಳಚಿಕೊಳ್ಳುತ್ತದೆ. ಇದನ್ನೆಲ್ಲ ನಾನು ಕಲಿತದ್ದು ಅಡಿಗೆಮನೆಯ ಕಿಟಕಿಯಿಂದ. ಅವರು ಅತ್ತೆಗೆ ವಿವರಿಸುತ್ತಿದ್ದುದನ್ನು ಅತ್ತೆಯ ಬದಲು ನಾನು ಕೇಳಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅತ್ತೆ ಭಜನೆಗೆ ಹೋಗಿದ್ದರು. ಮಾವ ಒಬ್ಬರೇ ಇಟ್ಟಿಗೆ ಜೋಡಿಸಿ, ಅದರ ಮೇಲಿಂದ ಎಂಜಿನ್ನನ್ನು ಚಾಸಿಯೊಳಕ್ಕೆ ಜರುಗಿಸುತ್ತಿದ್ದರು. ಇಟ್ಟಿಗೆ ಜಾರಿದ ಸದ್ದು ಕೇಳಿತು. ಮರುಗಳಿಗೆಯಲ್ಲಿ ಮಾವ ನನ್ನ ಹೆಸರು ಹಿಡಿದು ಕೂಗಿದರು.

ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಒಗ್ಗರಣೆ ಒಲೆಯ ಮೇಲೇ ಬಿಟ್ಟು ಓಡಿದೆ. ಎಂಜಿನ್ನು ವಾಲಿ ಅವರ ತೊಡೆಯ ಮೇಲೆ ಒರಗಿತ್ತು. ಎರಡೂ ಕೈಯಲ್ಲಿ ಅದನ್ನು ತಡೆದು ಹಿಡಿದು ಕೂತಿದ್ದರು.

'ಆ ಕಡೆಯಿಂದ ಎತ್ತಮ್ಮ. ಬೆರಳು ಹುಷಾರು!'

'ನೀವು ಕಾಲು ಎಳ್ಕೊಳಿ ಮಾವ, ನಾನು ಹಿಡ್ಕೊಂಡಿದೀನಿ.'

'ಬಿಡಬೇಡ ಕಣಮ್ಮ.'

ಬಿಡಲಿಲ್ಲ. ತೊಡೆ ಕಂದಿತ್ತು, ಮೂಳೆಗೆ ಏನೂ ಆಗಿರಲಿಲ್ಲ. ಸುಧಾರಿಸಿಕೊಂಡು, ಇಬ್ಬರೂ ಸೇರಿ ಎಂಜಿನ್ನನ್ನು ಒಳಗೆ ಕೂರಿಸಿಯೇಬಿಟ್ಟೆವು. ಆಮೇಲೆ ಅವರು ನನ್ನ ಕಡೆ ನೋಡಿದರು. ನಡುವೆ ಅತ್ತೆ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. 'ಒಳಗೆ ಏನೋ ಸೀಯ್ತಾ ಇದೆಯಲ್ಲಮ್ಮ' ಎಂದರು. ನನ್ನೊಡನೆ ಅವರಾಡಿದ ಮೊದಲ ಸಂಸಾರದ ಮಾತು ಅದು.

ಅಂದಿನಿಂದ ನಾನೂ ಕೆಲಸಕ್ಕೆ ಸೇರಿದೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳಿಗೆ ಎಂಜಿನ್ ಏನು ಗೊತ್ತು? ಸ್ಪ್ಯಾನರಿನ ನಂಬರು ಓದುವುದರಲ್ಲಿ ಮಾವನಿಗಿಂತ ಚುರುಕಾಗಿದ್ದೆ, ಅಷ್ಟೆ. ಅದೂ ನನ್ನ ಜಾಣತನವಲ್ಲ, ಅವರ ಕನ್ನಡಕ ಹಳೆಯದಾಗಿತ್ತು. ಎಲ್ಲ ಜೋಡಿಸಿ ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಎಂಜಿನ್ನು ಕೆಮ್ಮಲೂ ಇಲ್ಲ. ಎಳೆದೆಳೆದು ಭುಜ ಬಿದ್ದುಹೋದ ಮೇಲೆ, ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿಕೊಂಡಿದೆ ಎಂದು ಹೊಳೆಯಿತು. ನಟ್ಟು ಸಡಿಲಿಸಿ ಗಾಳಿ ತೆಗೆದೆವು. ಮುಂದಿನ ಎಳೆತಕ್ಕೆ ಡುಗ್ ಎಂದಿತು, ಆಮೇಲೆ ನಿಲ್ಲಲೇ ಇಲ್ಲ. ಕಪ್ಪು ಹೊಗೆ ಮಹಡಿಗೇರಿ ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ ಕೂತಿತು. ಪಕ್ಕದ ಮನೆಯವರು ಬೆಂಕಿ ಬಿತ್ತೆಂದು ಬಕೆಟ್ ಹಿಡಿದು ಬಂದರು. ಮಾವ ಮಾತ್ರ ಆ ಹೊಗೆಯೊಳಗೆ ಕಣ್ಣು ಮುಚ್ಚಿ ನಿಂತಿದ್ದರು.

ಸಂಭ್ರಮವೆಲ್ಲ ಸಂಜೆಯವರೆಗೆ. ಕೆಲಸದಿಂದ ಬಂದ ನನ್ನ ಗಂಡ, 'ಅಪ್ಪಾ, ಹೀಗೆ ಎಂಜಿನ್ ಬದಲಾಯಿಸಿದ ಗಾಡಿಗೆ ರಿಜಿಸ್ಟ್ರೇಷನ್ ಸಿಗಲ್ಲ. ರೋಡಿಗೆ ಇಳಿಸೋ ಹಾಗಿಲ್ಲ' ಎಂದರು. ಕಾಯಿದೆ ಕಾನೂನು ಅರೆದು ಕುಡಿದ ಹೆಡ್ ಕ್ಲರ್ಕಿಗೆ ಇದು ಗೊತ್ತಿರಲಿಲ್ಲವೆಂದರೆ ನಾನು ಈಗಲೂ ನಂಬುವುದಿಲ್ಲ. ಗಾಡಿ ಮುಗಿಯುವವರೆಗೆ ಅದನ್ನು ನೆನೆಯದೆ ಇದ್ದರು, ಅಷ್ಟೆ. ಹಳೆಯ ಬೆಡ್‌ಶೀಟು ಹೊದಿಸಿ ಒಳಗೆ ಹೋದವರು ವಾರಗಟ್ಟಲೆ ಶೆಡ್ಡಿನ ಕಡೆ ತಲೆ ಹಾಕಲಿಲ್ಲ.

ಕೊನೆಗೆ ನಾನೇ ಧೈರ್ಯ ಮಾಡಿದೆ. 'ಮಾವ, ರೋಡಲ್ಲಿ ತಾನೆ ಓಡಿಸಬಾರದು? ಅಪ್ಪನ ನರ್ಸರಿ ಒಳಗೆ ಮಣ್ಣಿನ ದಾರಿ ಇದೆ. ಸುತ್ತ ಬೇಲಿ. ಯಾರೂ ಕೇಳಲ್ಲ.'

ಅವರು ಪೇಪರು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ನಾನು ಕೇಳಿದ್ದು ಬರೀ ಗಾಡಿಯ ವಿಷಯವಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

'ನಿಮ್ಮಪ್ಪ ಏನಂದ್ಕೋತಾರೋ' ಎಂದರು.

'ಏನೂ ಅಂದ್ಕೊಳಲ್ಲ. ಊಟಕ್ಕೆ ಏನು ಮಾಡಿಸ್ಲಿ ಅಂತ ಕೇಳ್ತಾರೆ.'

ಗಾಡಿಯನ್ನು ಗೂಡ್ಸ್ ಆಟೋಗೆ ಏರಿಸಿ ಮೈಸೂರು ರಸ್ತೆ ಹಿಡಿದೆವು. ಮಾವ ಇಸ್ತ್ರಿ ಮಾಡಿದ ಪಂಚೆ, ಜುಬ್ಬ ಹಾಕಿಕೊಂಡು, ಹೆಣ್ಣು ನೋಡಲು ಹೊರಟವರ ಹಾಗಿದ್ದರು. ಅಪ್ಪ ಗೇಟಿನಲ್ಲೇ ಕಾದಿದ್ದರು. ಬೀಗರಿಬ್ಬರೂ ಕೈ ಮುಗಿದರು. ಸೇರಿಕೊಂಡು ಗಾಡಿಯನ್ನು ಕೆಳಗಿಳಿಸಿದರು. ಮಾವ ಎಂಜಿನ್ ಸ್ಟಾರ್ಟ್ ಮಾಡಿದರು. ಆ ಸದ್ದಿನಲ್ಲಿ ಮಾತು ಬೇಕಾಗಲೇ ಇಲ್ಲ. ಗುಲಾಬಿ ಕುಂಡಗಳ ನಡುವೆ, ನಡೆಯುವವರಿಗಿಂತ ತುಸು ಬೇಗ, ಮೈಯೆಲ್ಲ ಅದುರಿಸಿಕೊಂಡು ಒಂದು ಸುತ್ತು ಬಂದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅಪ್ಪನ ಮುಂದೆ ನಿಲ್ಲಿಸಿ, 'ಬನ್ನಿ, ಹಿಂದೆ ಕೂತ್ಕೊಳಿ' ಎಂದು ಅರಚಿದರು. ಅಪ್ಪ ಕೂತರು, ಹಿಡಿದುಕೊಳ್ಳಲು ಬೇರೇನೂ ಸಿಗದೆ ಬೀಗರ ಸೊಂಟವನ್ನೇ ಹಿಡಿದುಕೊಂಡರು. ಅಮ್ಮ ನನ್ನ ಪಕ್ಕದಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ನಗುತ್ತಿದ್ದಾಳೆ ಎಂದುಕೊಂಡಿದ್ದೆ, ಕಣ್ಣು ನೋಡಿದರೆ ಬೇರೆಯೇ. ಮಧ್ಯಾಹ್ನ ಮಾವ ನನ್ನ ತವರುಮನೆಯಲ್ಲಿ ಎಲೆಯ ಮುಂದೆ ಕೂತು, ತಾವೇ ಕೇಳಿ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು.

ಗಾಡಿ ಈಗ ಅಲ್ಲೇ ಇದೆ. ಪ್ರತಿ ಭಾನುವಾರ ಮಾವ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಕೆಂಗೇರಿಗೆ ಹೋಗುತ್ತಾರೆ. ಇವತ್ತು ಒಗೆಯುವ ಕಲ್ಲಿನಿಂದೆದ್ದು ಒಳಗೆ ಬಂದರೆ ನಡುಮನೆಯಲ್ಲಿ ಮಾವ ಫೋನಿನಲ್ಲಿ ಜಗಳವಾಡುತ್ತಿದ್ದರು. ಫೋನಿಟ್ಟವರೇ ನನ್ನ ಕಡೆ ತಿರುಗಿದರು.

'ನಿಮ್ಮಪ್ಪನಿಗೆ ಬುದ್ಧಿ ಇದೆಯೇನಮ್ಮ? ನನ್ನ ಗಾಡಿ ಹಿಂದೆ ಗೊಬ್ಬರದ ಟ್ರಾಲಿ ಕಟ್ತಾನಂತೆ! ಕಟ್ಲಿ, ಕೈ ಮುರೀತೀನಿ ಅವನ್ದು.'

ಅತ್ತೆ ಅಡಿಗೆಮನೆಯಿಂದಲೇ ಗದರಿದರು. 'ಏನ್ರೀ ಅದು, ಬೀಗರನ್ನ ಅವನು ಇವನು ಅಂತೀರಾ? ಅವಳ ಎದುರಿಗೇ?'

ಮಾವ ತಬ್ಬಿಬ್ಬಾಗಿ ನನ್ನ ಮುಖ ನೋಡಿದರು. ಕೋಪ ಬಂದಿದ್ದರೆ ತಾನೆ ನಾನು ತೋರಿಸುವುದು? ಜೊತೆಯಲ್ಲಿ ಓದಿದ ಒಬ್ಬಿಬ್ಬರು ಗೆಳೆಯರನ್ನು ಬಿಟ್ಟರೆ ಮಾವ ಮನೆಯಾಚೆ ಯಾರನ್ನೂ ಏಕವಚನದಲ್ಲಿ ಕರೆದದ್ದು ನಾನು ಕೇಳಿಲ್ಲ.

'ಹೋಗಿ ನೀವೇ ಕೇಳಿ ಮಾವ' ಎಂದೆ.

'ಕೇಳ್ತೀನಿ. ಬಿಡ್ತೀನಾ?' ಎನ್ನುತ್ತ ಅವರು ಚಪ್ಪಲಿ ಮೆಟ್ಟಿದರು. ಇವತ್ತು ಭಾನುವಾರವೂ ಅಲ್ಲ.