ಶಿವಪುತ್ರನ ಸಾವುಗಳು

ಶಿವಪುತ್ರನ ಕೆಲಸ ಸಾಯುವುದು. ಟಿ.ವಿ.ಗೆ ಜೋಡಿಸಿ ಆಡುವ ಬಂದೂಕಿನ ಗೇಮ್ ಒಂದನ್ನು ಯಲಹಂಕದ ಕಂಪನಿಯೊಂದು ಮಾಡುತ್ತಿತ್ತು. ಅದರಲ್ಲಿ ಗುಂಡೇಟು ತಿಂದು ಉರುಳುವ ವೈರಿಗಳಿಗೆಲ್ಲ ಇವನೇ ಮೈ. ಗೋಲಿ ಗಾತ್ರದ ಬಿಳಿ ಚೆಂಡುಗಳನ್ನು ಅಂಟಿಸಿದ ಕಪ್ಪು ಉಡುಪು ತೊಟ್ಟು ಬೀಳುತ್ತಿದ್ದ. ಸುತ್ತಲಿನ ಕ್ಯಾಮೆರಾಗಳು ಅವನ ಚಲನೆಯನ್ನಷ್ಟೇ ಹಿಡಿಯುತ್ತಿದ್ದವು. ಮುಖ, ಬಟ್ಟೆ, ರಕ್ತ ಆಮೇಲೆ ಕಂಪ್ಯೂಟರಿನಲ್ಲಿ ಬರುತ್ತಿದ್ದವು. ವಿಜಯಪುರದ ಗರಡಿಯಲ್ಲಿ ಬೆಳೆದವನಿಗೆ ಪೆಟ್ಟಾಗದಂತೆ ಬೀಳುವುದು ಗೊತ್ತಿತ್ತು. ಮೊದಲ ಭಾಗಕ್ಕೆ ಇನ್ನೂರಕ್ಕೂ ಹೆಚ್ಚು ಬಾರಿ ಸತ್ತ. ಮಧ್ಯಾಹ್ನ ಡಬ್ಬಿ ಬಿಚ್ಚಿ ಎಲ್ಲರಿಗೂ ರೊಟ್ಟಿ, ಶೇಂಗಾ ಹಿಂಡಿ ಹಂಚುತ್ತಿದ್ದ.

ಅಬ್ಬಿಗೆರೆಯ ಶಾಲೆಯಲ್ಲಿ ಅವನ ಎಂಟು ವರ್ಷದ ಮಗಳು ಕೀರ್ತಿಯನ್ನು "ಸಾಯೋನ ಮಗಳು" ಎಂದು ಆಡಿಕೊಳ್ಳುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಅವಳು, "ಅಪ್ಪಾ, ಮುಂದಿನ್ ಗೇಮಲ್ಲಿ ನೀನು ಸಾಯ್ಬೇಡಪ್ಪ" ಅಂದಳು. ಆಯಿತೆಂದು ಮಾತು ಕೊಟ್ಟ.

ಎರಡನೇ ಭಾಗದ ಕೆಲಸ ಶುರುವಾದ ದಿನವೇ ಚಿತ್ರೀಕರಣದ ಉಸ್ತುವಾರಿ ಸತೀಶನ ಮುಂದೆ ಹೋಗಿ ನಿಂತ.

"ಸರ, ಈ ಸಲ ನನಗ ಹೀರೋ ಕೊಡ್ರಿ. ನಾ ಸಾಯಂಗಿಲ್ರಿ."

"ಕೇಳ್ರಪ್ಪೋ, ಪೈಲ್ವಾನ್ರಿಗೆ ಹೀರೋ ಬೇಕಂತೆ!" ಸತೀಶ ಎಲ್ಲರಿಗೂ ಕೇಳುವಂತೆ ಕೂಗಿದ. "ಗುರು, ಒಂದ್ಸಲಾನೂ ನಮ್ ಗೇಮ್ ಆಡಿಲ್ವಾ? ಆಡೋನ್ ಕಣ್ಣೇ ಹೀರೋ ಕಣ್ಣು. ಹೀರೋಗೆ ಮೈಯೇ ಇಲ್ಲ ಕಣೋ. ಎರಡು ಕೈ, ಒಂದು ಗನ್ನು, ಅಷ್ಟೇ."

"ಹಂಗಾರ ಆ ಕೈನಾರ ನಂದು ಮಾಡ್ರಿ."

"ಇದು ರೊಟ್ಟಿ ತಟ್ಟೋ ಕೈ ಮಗಾ!"

ಎಲ್ಲರೂ ನಕ್ಕರು. ಶಿವಪುತ್ರನೂ ನಕ್ಕ, ಆದರೆ ಅಲ್ಲಿಂದ ಕದಲಲಿಲ್ಲ. ಕೊನೆಗೆ ಸತೀಶ ಒಂದು ಆಸೆ ತೋರಿಸಿದ. ಹೀರೋಗೆ ಒಬ್ಬ ಗೆಳೆಯ ಇದ್ದಾನೆ, ಕೊನೆಯವರೆಗೂ ಬದುಕುತ್ತಾನೆ. ಹನ್ನೆರಡು ಅಡಿ ಅಟ್ಟದಿಂದ ಬಿದ್ದು ಕೊನೆಯದಾಗಿ ಒಂದು ಒಳ್ಳೆಯ ಸಾವು ಕೊಟ್ಟರೆ ಆ ಪಾತ್ರ ಇವನಿಗೆ.

ನಾಲ್ಕು ಸಲ ಬಿದ್ದ. ನಾಲ್ಕೂ ಸತೀಶನಿಗೆ ಹಿಡಿಸಲಿಲ್ಲ.

"ಕತ್ತು ಕಾಪಾಡ್ಕೋತಿದೀಯ. ಸಾಯೋನು ಹಂಗ್ ಮಾಡ್ತಾನೇನೋ?"

ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಳ್ಳಬೇಕೆಂಬುದು ಗರಡಿಯ ಮೊದಲ ಪಾಠ. ಐದನೇ ಸಲ ಶಿವಪುತ್ರ ಅದನ್ನು ಬಿಟ್ಟುಕೊಟ್ಟ.

"ಸೂಪರ್ ಮಗಾ!" ಎಂದು ಸತೀಶ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. "ಸಾಕು ನಾಟಕ, ಏಳೋ."

ಅವನು ಏಳಲಿಲ್ಲ. ಕತ್ತಿನ ಮೂಳೆ ಮುರಿದಿತ್ತು. ಐದು ತಿಂಗಳು ಹೆಂಡತಿ ಶೀತಲ್ ಅವನನ್ನು ಮಗ್ಗುಲು ಹೊರಳಿಸಿ, ಒರೆಸಿ, ಉಣಿಸಿದಳು. ಗೆಳೆಯನ ಪಾತ್ರ ಬೇರೆಯವನಿಗೆ ಹೋಯಿತು. ಸತೀಶ ನೋಡಲು ಬಂದದ್ದು ಒಂದೇ ಸಲ. ಶಿವಪುತ್ರ ಅವನನ್ನು ಕೇಳಿದ್ದೂ ಒಂದೇ: ಆ ಬಿದ್ದದ್ದನ್ನು ಗೇಮಿಗೆ ಹಾಕಬೇಡಿ, ಮಗಳಿಗೆ ಮಾತು ಕೊಟ್ಟಿದ್ದೇನೆ. "ಹಾಕಲ್ಲ ಬಿಡು ಗುರು," ಎಂದು ಸತೀಶ ಚಹಾ ಕುಡಿದು ಎದ್ದ.

ಶಿವಪುತ್ರ ಯುಗಾದಿಗೆ ಮುಂಚೆ ತೀರಿಹೋದ. ಎರಡು ತಿಂಗಳ ನಂತರ ಗೇಮ್ ಬಂತು. ಅದರ ಜಾಹೀರಾತಿನಲ್ಲಿ ಎತ್ತರದಿಂದ ಬೀಳುವವನ ಮೈ ಗಂಡನದೆಂದು ಗುರುತು ಹಿಡಿದ ಶೀತಲ್ ಸತೀಶನಿಗೆ ಫೋನ್ ಮಾಡಿದಳು.

"ಅಣ್ಣಾ, ಅವ್ರು ಬ್ಯಾಡಂದಿದ್ರಲ್ರಿ. ಅದೊಂದು ತಗದುಬಿಡ್ರಿ."

"ಒಂದು ಅಲ್ಲ ಅಕ್ಕ. ಎತ್ತರದಿಂದ ಬೀಳೋರಿಗೆಲ್ಲ ಅದನ್ನೇ ಹಾಕಿದೀವಿ. ಅಷ್ಟ್ ಚೆನ್ನಾಗಿ ಇನ್ಯಾರೂ ಬಿದ್ದಿಲ್ಲ."

ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಶೂಗೆ ಪಾಲಿಶ್ ಹಚ್ಚುತ್ತಿದ್ದ ಕೀರ್ತಿ ತಲೆ ಎತ್ತಲಿಲ್ಲ.