ಅಧ್ಯಕ್ಷೆ ಓದಿದ ನಾಲ್ಕು ಹೆಸರು

ಅಫಜಲಪುರ, ೧೯೪೮

ಬಸ್ಸಿಗೆ ಕಾಯುತ್ತ ಚಾವಡಿಯ ನೆರಳಿಗೆ ಹೋದೆ. ಅಲ್ಲಿ ಹುಡುಗಿಯರ ಸಾಲೆ ತೆರೆಯಲು ಹೆಂಗಸರೇ ಸಂಘ ಕಟ್ಟುತ್ತಿದ್ದರು. ಅಧ್ಯಕ್ಷೆಯಾದ ಗೌಡರ ಹೆಂಡತಿ, ಕಾರ್ಯಕಾರಿ ಮಂಡಳಿಗೆ ತಾವೊಬ್ಬರೇ ಆರಿಸಿದ ನಾಲ್ಕು ಹೆಸರು ಓದಿದರು. ರೊಟ್ಟಿ ಮಾರುವಾಕೆಯೊಬ್ಬಳು ಎದ್ದಳು. ಬಳೆಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು.

“ಹೆಸರು ನೀವೇ ಹೇಳ್ರಿ ಅಕ್ಕಾವ್ರ, ಅಧ್ಯಕ್ಷರು ನೀವು. ಆದ್ರ ಹೂಂ ಅನ್ನೋರು ನಾವು. ನಾಲ್ಕೂ ಮಂದಿ ನಿಮ್ಮ ಗೌಡ್ರ ವಾಡೇದವ್ರೇ ಆದ್ರ, ನನ್ನ ಮಗಳನ್ನ ಸಾಲಿಗಿ ಕರ್ಕೊಳ್ಳೋರು ಯಾರ್ರಿ?”

ನಮ್ಮ ಕಾನ್ವೆಂಟಿನಲ್ಲಿ ಹಿರಿಯ ಮದರ್ ಓದಿದ ಪಟ್ಟಿಗೆ ನಾವು ಸಿಸ್ಟರುಗಳು ಎಂದೂ ತುಟಿ ಬಿಚ್ಚಿದವರಲ್ಲ.

ಅಧ್ಯಕ್ಷೆ ಸಿಟ್ಟಾಗಲಿಲ್ಲ. ತಮ್ಮ ತಂಗಿಯ ಹೆಸರು ಹೊಡೆದುಹಾಕಿ ಪೆನ್ಸಿಲ್ ಚಾಚಿದರು. “ನಿನ್ನ ಹೆಸರು ಬರಿ ಬೇ.”

“ಅಷ್ಟು ಬಂದಿದ್ರ ಸಾಲಿಗಿ ಯಾಕ ಬಡದಾಡ್ತಿದ್ದೆರಿ?”

ಎಲ್ಲರೂ ನಕ್ಕರು. ಅಧ್ಯಕ್ಷೆ ತಾವೇ ಬರೆದುಕೊಂಡು, ಪಟ್ಟಿಯನ್ನು ಮತ್ತೆ ಮೊದಲಿನಿಂದ ಓದಿದರು. ಈ ಸಲ ಒಂದೊಂದು ಹೆಸರಿಗೂ ತಲೆಯೆತ್ತಿ, ಹೂಂ ಕೇಳಿಸುವವರೆಗೆ ಕಾದರು.